ಕೂಡು, ಕೂಡಲ, ಕೂಡದು

ಚೆನ್ನೈಯಲ್ಲಿ ನಾನು ಕಷ್ಟಪಡದೆ ಓದಲು ಕಲಿತ ಮೊದಲ ತಮಿಳು ಪದ 'ಕೂಡಾದು'. ಪಾರ್ಕಿನಲ್ಲಿ ಹೂ ಕೀಳಕೂಡಾದು, ಗೋಡೆಯ ಮೇಲೆ ಬರೆಯಕೂಡಾದು, ಆಸ್ಪತ್ರೆಯ ಓಣಿಯಲ್ಲಿ ಉಗುಳಕೂಡಾದು. ಅಕ್ಷರ ಬೇರೆ, ಪದ ನಮ್ಮದೇ. ಮುಂದೆ ಪ್ರಾಜೆಕ್ಟಿನ ಜೊತೆ ಹೈದರಾಬಾದಿಗೆ ಹೋದಾಗ, ನಾಲ್ಕು ರಸ್ತೆ ಸೇರುವ ಜಾಗವನ್ನು ತೆಲುಗು ಪತ್ರಿಕೆಗಳು 'ಕೂಡಲಿ' ಎಂದು ಬರೆಯುವುದನ್ನು ಕಂಡೆ. ಅಲ್ಲಿನ ಮಕ್ಕಳು ಶಾಲೆಯಲ್ಲಿ ಸಂಕಲನಕ್ಕೆ 'ಕೂಡಿಕ' ಎನ್ನುತ್ತಿದ್ದರು. ಈಗ ಪುಣೆಯಲ್ಲಿದ್ದೇನೆ. ಇಲ್ಲಿ ಈ ಧಾತುವಿನ ಸುಳಿವಿಲ್ಲ, ಎಲ್ಲವೂ 'ಜೋಡಣೆ'. ಪದ ಕಣ್ಣಿಗೆ ಬೀಳದ ಊರಿಗೆ ಬಂದ ಮೇಲೆಯೇ ಅದರ ಬಗ್ಗೆ ಕುತೂಹಲ ಹೆಚ್ಚಾದದ್ದು ವಿಚಿತ್ರ.

ಕೂಡು ಎಂದರೆ ಸೇರು. ಇಷ್ಟೇ ಆಗಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಇದೇ ಧಾತುವಿನಿಂದ ಗಣಿತದ ಕೂಡುವ ಲೆಕ್ಕ ಬಂತು, ಹಣ ಕೂಡಿಡುವುದು ಬಂತು, ಜನ ಸೇರುವ ಕೂಟ ಬಂತು, ಎರಡು ಹೊಳೆ ಸೇರುವ ಕೂಡಲ ಬಂತು, 'ಬಂದ ಕೂಡಲೇ' ಎಂಬ ಆತುರ ಬಂತು, 'ನಾನು ಕೂಡ' ಎಂಬ ಸೇರ್ಪಡೆ ಬಂತು. ಕೊನೆಗೆ 'ಕೂಡದು' ಎಂಬ ನಿಷೇಧವೂ ಇದರಿಂದಲೇ ಬಂತು. ಸೇರಿಸುವ ಪದವೇ ಬೇಡವೆನ್ನುವ ಪದವೂ ಆದದ್ದು ಹೇಗೆ? ಯಾರನ್ನು ಯಾರು ಕೂಡಬಹುದು, ಯಾರನ್ನು ಕೂಡಕೂಡದು ಎಂಬುದರ ಮೇಲೆಯೇ ನಮ್ಮ ಸಮಾಜದ ಅರ್ಧ ಇತಿಹಾಸ ನಿಂತಿರುವುದರಿಂದ, ಇದು ವ್ಯಾಕರಣಕ್ಕಷ್ಟೇ ಸೇರಿದ ಪ್ರಶ್ನೆಯಲ್ಲ ಅನ್ನಿಸುತ್ತದೆ.

ಮೊದಲು ಹೊಳೆಗಳಿಂದ ಶುರು ಮಾಡೋಣ, ಯಾಕೆಂದರೆ ಈ ಪದದ ಹಳೆಯ ಹೆಜ್ಜೆಗಳು ನೀರಿನ ಪಕ್ಕದಲ್ಲೇ ಚೆನ್ನಾಗಿ ಉಳಿದಿವೆ. ಶಿವಮೊಗ್ಗದ ಹತ್ತಿರ ತುಂಗೆ ಭದ್ರೆಯರು ಸೇರುವ ಊರು ಕೂಡಲಿ. ಕೊಡಗಿನಲ್ಲಿ ಹಾರಂಗಿ ಕಾವೇರಿಯನ್ನು ಸೇರುವ ಊರು ಕೂಡಿಗೆ. ಹಾವೇರಿ ಜಿಲ್ಲೆಯಲ್ಲಿ ಧರ್ಮಾ ಹೊಳೆ ವರದೆಗೆ ಸೇರುವ ಕಡೆ ಕೂಡಲ. ಬಾಗಲಕೋಟೆ ಜಿಲ್ಲೆಯಲ್ಲಿ ಮಲಪ್ರಭೆ ಕೃಷ್ಣೆಗೆ ಸೇರುವ ಕಡೆ ಕೂಡಲಸಂಗಮ. ಮಂಗಳೂರಿಗೆ ತುಳುವಿನಲ್ಲಿ ಇರುವ 'ಕುಡ್ಲ' ಎಂಬ ಹೆಸರನ್ನೂ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಕೂಡುವಿಕೆಯಿಂದಲೇ ವಿವರಿಸುವ ರೂಢಿ ಇದೆ. ತಮಿಳುನಾಡಿನ ಮಧುರೆಗೆ ಹಳೆಯ ಹೆಸರು ಕೂಡಲ್. ಅಲ್ಲಿ ಇಂದಿಗೂ ಕೂಡಲ್ ಅಳಗರ್ ದೇವಸ್ಥಾನವಿದೆ, ಕೂಡಲ್ ನಗರ ಎಂಬ ರೈಲು ನಿಲ್ದಾಣವಿದೆ. ಮಧುರೆಯಲ್ಲಿ ಕೂಡಿದ್ದು ಹೊಳೆಗಳಲ್ಲ. ಕವಿಗಳು ಕೂಡಿದ್ದರಿಂದ ಆ ಹೆಸರು ಎನ್ನುವವರಿದ್ದಾರೆ, ನಾಲ್ಕು ಮಾಡಗಳು ಕೂಡಿದ್ದರಿಂದ ಎನ್ನುವವರೂ ಇದ್ದಾರೆ.

ಹೊಳೆ ಕೂಡುವ ಜಾಗಕ್ಕೆ ದೇವರು ಬರುವುದು ಎಲ್ಲರಿಗೂ ಗೊತ್ತು. ಸೈನ್ಯವೂ ಬರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಎರಡು ಕಡೆ ನೀರಿನ ಕಾವಲು, ಆನೆ ಕುದುರೆಗಳಿಗೆ ಕುಡಿಯಲು ಬೇಕಾದಷ್ಟು ನೀರು, ದಂಡು ಬಿಡಲು ಬಯಲು. 1060ರ ದಶಕದಲ್ಲಿ ಕಲ್ಯಾಣದ ಚಾಲುಕ್ಯರಿಗೂ ತಂಜಾವೂರಿನ ಚೋಳರಿಗೂ ನಡೆದ ದೊಡ್ಡ ಕಾಳಗವೊಂದನ್ನು ಚೋಳ ಶಾಸನಗಳು 'ಕೂಡಲ್ ಸಂಗಮ'ದ ಯುದ್ಧ ಎಂದು ಕರೆಯುತ್ತವೆ. ಚೋಳರ ಕಡೆ ವೀರರಾಜೇಂದ್ರ, ನಮ್ಮ ಕಡೆ ಆಹವಮಲ್ಲ ಎಂಬ ಬಿರುದಿನ ಒಂದನೆಯ ಸೋಮೇಶ್ವರ. ಆಹವಮಲ್ಲನ ಬೆನ್ನನ್ನು ಐದು ಸಲ ಕಂಡವನು ಎಂದು ವೀರರಾಜೇಂದ್ರನ ಶಾಸನಗಳು ಅವನನ್ನು ಹೊಗಳುತ್ತವೆ. ಗೆದ್ದವರ ಶಾಸನ ಹಾಗೆಯೇ ಇರುತ್ತದೆ. ನಮ್ಮ ಕಡೆಯ ಬರಹಗಳಲ್ಲಿ ಚಾಲುಕ್ಯರು ಕಂಚಿಗೆ ನುಗ್ಗಿದ ಕಥೆ ಸಿಗುತ್ತದೆ, ಬೆನ್ನು ತೋರಿಸಿದ ಕಥೆ ಸಿಗುವುದಿಲ್ಲ.

ಇದಕ್ಕಿಂತ ಸ್ವಾರಸ್ಯಕರವಾದದ್ದು ಮುಂದಿನ ಭಾಗ. ಸೋತ ಆಹವಮಲ್ಲ ಮತ್ತೊಮ್ಮೆ ಅದೇ ಕೂಡಲದಲ್ಲಿ ಯುದ್ಧಕ್ಕೆ ಬರುವಂತೆ ಚೋಳನಿಗೆ ಓಲೆ ಕಳಿಸಿದನಂತೆ. ವೀರರಾಜೇಂದ್ರ ಬಂದ, ಒಂದು ತಿಂಗಳು ಕಾದ. ಕರೆದವನೇ ಬರಲಿಲ್ಲ. ಚೋಳ ತುಂಗಭದ್ರೆಯ ದಡದಲ್ಲಿ ಜಯಸ್ತಂಭ ನೆಟ್ಟು ಹಿಂದಿರುಗಿದ. ಇದೆಲ್ಲ ಚೋಳ ಶಾಸನದ ಮಾತು, ಕಾಲ ಸುಮಾರು 1067. ಮರುವರ್ಷ, 1068ರ ಮಾರ್ಚಿಯಲ್ಲಿ, ಸೋಮೇಶ್ವರ ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ನದಿಗಿಳಿದು ಪ್ರಾಣ ಬಿಟ್ಟ. ವಾಸಿಯಾಗದ ಜ್ವರ ಬಂದಿತ್ತು, ಅದಕ್ಕೇ ಜಲಸಮಾಧಿಯನ್ನು ಆರಿಸಿಕೊಂಡ ಎಂದು ಬಿಲ್ಹಣ 'ವಿಕ್ರಮಾಂಕದೇವಚರಿತ'ದಲ್ಲಿ ಬರೆದಿದ್ದಾನೆ. ಕೂಡಲಕ್ಕೆ ಬಾರದೇ ಹೋದದ್ದಕ್ಕೂ ಈ ಕಾಯಿಲೆಗೂ ನಂಟಿರಬಹುದು ಎಂದು ಊಹಿಸುವುದು ಸುಲಭ. ಚೋಳರ ಶಾಸನಕಾರನಿಗೆ ಹೇಡಿತನವಾಗಿ ಕಂಡದ್ದು ಹಾಸಿಗೆ ಹಿಡಿದವನ ಅಸಹಾಯಕತೆಯೂ ಆಗಿರಬಹುದು.

ಈ ಯುದ್ಧ ನಡೆದ ಕೂಡಲ ಯಾವುದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೆಲವರು ಕೃಷ್ಣಾ ಮಲಪ್ರಭೆಯರ ಕೂಡಲಸಂಗಮ ಎನ್ನುತ್ತಾರೆ, ಕೆಲವರು ತುಂಗಾ ಭದ್ರೆಯರ ಕೂಡಲಿ ಎನ್ನುತ್ತಾರೆ. ಜಯಸ್ತಂಭ ನೆಟ್ಟದ್ದು ತುಂಗಭದ್ರೆಯ ದಡದಲ್ಲಿ, ರಾಜ ತೀರಿಕೊಂಡದ್ದೂ ತುಂಗಭದ್ರೆಯಲ್ಲೇ. ಹಾಗಾಗಿ ನನ್ನ ಒಲವು ಕೂಡಲಿಯ ಕಡೆಗೆ. ಆದರೆ ಕೂಡಲ ಎಂಬುದು ಊರಿನ ಹೆಸರಾಗುವ ಮೊದಲು ಯಾವ ಸಂಗಮಕ್ಕೂ ಸಲ್ಲುವ ಸಾಮಾನ್ಯ ಪದವಾಗಿತ್ತು. ಗೊಂದಲದ ಮೂಲ ಇರುವುದೇ ಅಲ್ಲಿ. ಬೆಂಗಳೂರಿನಲ್ಲಿ 'ಕ್ರಾಸ್ ಹತ್ತಿರ ಬಾ' ಎಂದರೆ ಯಾವ ಕ್ರಾಸ್ ಎಂದು ಕೇಳಬೇಕಾಗುತ್ತದಲ್ಲ, ಹಾಗೆ.

ಯುದ್ಧದ ಕಥೆ ಇನ್ನೊಂದು ಬಗೆಯ ಕೂಡುವಿಕೆಯಲ್ಲಿ ಮುಗಿಯಿತು. ಸೋಮೇಶ್ವರನ ಮಗ ವಿಕ್ರಮಾದಿತ್ಯ ಅದೇ ವೀರರಾಜೇಂದ್ರನ ಜೊತೆ ಸಂಧಿ ಮಾಡಿಕೊಂಡು ಅವನ ಮಗಳನ್ನು ಮದುವೆಯಾದ. ತಂದೆಯ ಬೆನ್ನನ್ನು ಐದು ಸಲ ಕಂಡೆನೆಂದು ಕೆತ್ತಿಸಿದವನು ಮಗನಿಗೆ ಮಾವನಾದ. ಇವನೇ 1076ರಲ್ಲಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯ. ಇವನ ಹೆಸರು ಇನ್ನೊಂದು ಕಾರಣಕ್ಕೆ ಮುಂದೆ ಬರುತ್ತದೆ.

ಚೋಳ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧವಲ್ಲ, ಹೆಸರು. ಕೂಡಲ್ ಎಂದರೂ ಸಂಗಮ, ಸಂಗಮ ಎಂದರೂ ಸಂಗಮ. ಕನ್ನಡ ಅಥವಾ ತಮಿಳು ಪದದ ಪಕ್ಕಕ್ಕೆ ಅದೇ ಅರ್ಥದ ಸಂಸ್ಕೃತ ಪದ. ನಾವು 'ನಡುಮಧ್ಯೆ' ಎನ್ನುತ್ತೇವಲ್ಲ, ಅದೇ ಜಾತಿಯದು. ಬಸವಣ್ಣನವರ ಅಂಕಿತದಿಂದ ನಮಗೆಲ್ಲ ಪರಿಚಿತವಾದ ಈ ಜೋಡುಪದ ಅವರಿಗಿಂತ ಸುಮಾರು ನೂರು ವರ್ಷ ಮೊದಲೇ ಶಾಸನದಲ್ಲಿ ಕೆತ್ತಿಸಿಕೊಂಡಿತ್ತು. ಬಳಕೆಯ ಮಾತಿಗೆ ಕೂಡಲ ಸಾಕಾಗಿತ್ತು, ಕ್ಷೇತ್ರದ ಘನತೆಗೆ ಸಂಗಮ ಬೇಕಾಗಿತ್ತು, ಯಾರೂ ಯಾವುದನ್ನೂ ಬಿಡದೆ ಎರಡನ್ನೂ ಇಟ್ಟುಕೊಂಡರು ಎಂದು ನಾನು ಅಂದುಕೊಂಡಿದ್ದೇನೆ.

ಹೀಗೆ ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಒಂದೇ ಸಮಾಸದಲ್ಲಿ ಬೆಸೆಯುವುದನ್ನು ನಮ್ಮ ಲಾಕ್ಷಣಿಕರು ಮೆಚ್ಚುತ್ತಿರಲಿಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಿಂದಲೇ ಈ ಆಕ್ಷೇಪ ಶುರುವಾಗುತ್ತದೆ. ವ್ಯಾಕರಣದಲ್ಲಿ ಇಂಥ ಸಮಾಸಕ್ಕೆ ಅರಿಸಮಾಸ ಎಂದೇ ಹೆಸರು. ಅರಿ ಎಂದರೆ ಶತ್ರು. ಬಿರುದುಗಳಲ್ಲಿ, ರೂಢಿಯಲ್ಲಿ ನಿಂತುಹೋದ ಕೆಲವಕ್ಕೆ ವಿನಾಯಿತಿ ಉಂಟು, ಉಳಿದಂತೆ ಕೂಡದು. ಪಂಡಿತರ ಈ ಅಳತೆಗೋಲಿನಲ್ಲಿ ನೋಡಿದರೆ, ಹನ್ನೆರಡನೆಯ ಶತಮಾನದ ಕನ್ನಡದ ಅತ್ಯಂತ ಪರಿಚಿತ ಅಂಕಿತವೇ ಬೆಸೆಯಬಾರದ ಬೆಸುಗೆ. ಮೇಲು ಕೀಳುಗಳು ಬೆರೆಯಕೂಡದು ಎಂದವರ ವಿರುದ್ಧ ನಿಂತ ಚಳವಳಿಗೆ ಇದು ತಕ್ಕ ಹೆಸರು ಎಂದು ಹೇಳಲು ಆಸೆಯಾಗುತ್ತದೆ. ಆದರೆ ಬಸವಣ್ಣ ಅದನ್ನು ಆ ಉದ್ದೇಶದಿಂದ ಆರಿಸಿಕೊಂಡರು ಎನ್ನಲು ಆಧಾರವಿಲ್ಲ. ಅದು ಅವರು ಬೆಳೆದ, ಕಲಿತ ಊರು. ಅಲ್ಲಿಯ ಸಂಗಮನಾಥ ಅವರ ದೈವ. ಅಷ್ಟು ಸಾಕು.

ಆ ಊರಿನ ಈಗಿನ ಸ್ಥಿತಿಯನ್ನು ನೋಡಿದವರಿಗೆ ಗೊತ್ತು. ಕೆಳಗೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಸಂಗಮದವರೆಗೂ ಬಂತು. ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಲು ಅದರ ಸುತ್ತ ಬಾವಿಯಂತೆ ದುಂಡಗೆ ಗೋಡೆ ಎಬ್ಬಿಸಿದರು. ನೀರಿನ ನಡುವೆ ಇಳಿದು ಹೋಗಿ ನೋಡಬೇಕು. ಎರಡು ಹೊಳೆ ಸೇರುವ ಗೆರೆ ಎಲ್ಲಿ ಎಂದು ಜಲಾಶಯ ತುಂಬಿದಾಗ ಕಣ್ಣಿನಿಂದ ಹೇಳುವುದು ಕಷ್ಟ. ಎಲ್ಲೆಲ್ಲೂ ಒಂದೇ ನೀರು.

ಪದಕ್ಕೂ ಒಂದು ಮುಳುಗಡೆಯ ಭಯ ಬಂದಿತ್ತು. 1996ರಲ್ಲಿ ಮಾತೆ ಮಹಾದೇವಿಯವರು ಪ್ರಕಟಿಸಿದ ವಚನಗಳ ಸಂಪುಟದಲ್ಲಿ ಬಸವಣ್ಣನವರ ಅಂಕಿತದ ಜಾಗದಲ್ಲಿ 'ಲಿಂಗದೇವ' ಎಂದು ಅಚ್ಚಾಯಿತು. ದೊಡ್ಡ ಗಲಾಟೆಯಾಯಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಪುಸ್ತಕ ನಿಷೇಧ ನನಗೆ ಒಪ್ಪಿಗೆಯಾಗುವ ಮಾರ್ಗವಲ್ಲ. ಅಂಕಿತ ಬದಲಿಸಿದ್ದು ಅದಕ್ಕಿಂತಲೂ ಒಪ್ಪಿಗೆಯಾಗುವುದಿಲ್ಲ. ತಾತ್ವಿಕ ವಾದಗಳು ಏನೇ ಇರಲಿ, ಆ ಬದಲಾವಣೆಯಲ್ಲಿ ದೇವರು ಉಳಿದು ಊರು ಹೋಗುತ್ತದೆ. ಹೊಳೆಯೂ ಹೋಗುತ್ತದೆ. ಕೂಡುವುದೂ ಹೋಗುತ್ತದೆ.

ಇನ್ನು ಮನೆಯೊಳಗೆ ಬರೋಣ. ಒಟ್ಟಿಗೆ ಇರುವ ಸಂಸಾರಕ್ಕೆ ಕನ್ನಡದಲ್ಲಿ ಕೂಡುಕುಟುಂಬ ಎನ್ನುತ್ತೇವೆ, ತಮಿಳು ಮಲಯಾಳಗಳಲ್ಲಿ ಕೂಟ್ಟುಕುಟುಂಬ. ಕಾಗದಪತ್ರದಲ್ಲಿ ಇದು 'ಅವಿಭಕ್ತ ಕುಟುಂಬ' ಆಗುತ್ತದೆ. ಆದಾಯ ತೆರಿಗೆಯ ಫಾರಂ ತುಂಬುವಾಗ ನಮ್ಮಲ್ಲಿ ಕೆಲವರಿಗೆ ಈ ಪದದ ಇಂಗ್ಲಿಷ್ ಅವತಾರ ನೆನಪಾಗುತ್ತದೆ. ಎರಡು ಪದಗಳ ನೋಟ ಬೇರೆ ಬೇರೆ. ಅವಿಭಕ್ತ ಎಂದರೆ ಇನ್ನೂ ಪಾಲಾಗದ್ದು, ಅದರ ಕಣ್ಣು ಆಸ್ತಿಯ ಮೇಲೆ. ಕೂಡುಕುಟುಂಬದ ಕಣ್ಣು ಒಲೆಯ ಮೇಲೆ.

ಪಾಲಿನ ಕಾನೂನು ಹುಟ್ಟಿದ್ದು ನಮ್ಮ ನೆಲದಲ್ಲೇ. ಕೂಡಲದ ಯುದ್ಧದ ಮರುತಲೆಮಾರಿನಲ್ಲಿ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಬಂಗಾಳವನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶಕ್ಕೆ ಅದನ್ನೇ ಹಿಡಿದವು. ಮಗಳು ಈ ಕೂಟದ ಹೊರಗೇ ಉಳಿದಳು. ಕೇರಳ 1975ರಲ್ಲಿ ಕಾನೂನು ಮಾಡಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ಒಂದೊಂದಾಗಿ ಮಗಳನ್ನು ಪಾಲುದಾರಳನ್ನಾಗಿ ಮಾಡಿಕೊಂಡವು. ದೇಶಕ್ಕೆಲ್ಲ ಅದು ಬರಲು 2005 ಆಗಬೇಕಾಯಿತು. ಕಲ್ಯಾಣದ ಗ್ರಂಥದಿಂದ ಲೆಕ್ಕ ಹಾಕಿದರೆ ಒಂಬತ್ತು ನೂರು ವರ್ಷ.

ಮಗಳ ಪಾಡು ಅದಾದರೆ ವಿಧವೆಯ ಪಾಡಿಗೆ ನಮ್ಮ ಪದವೇ ಸಾಕ್ಷಿ. ನಮ್ಮ ತುಮಕೂರು ಕಡೆ ಅಜ್ಜಿಯರು ಯಾರ ಬಗ್ಗೆಯಾದರೂ 'ಅವಳು ಕೂಡಿಕೆ ಆಗಿ ಬಂದೋಳು' ಎನ್ನುವಾಗ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಗಂಡ ಸತ್ತವಳು ಅಥವಾ ಗಂಡನನ್ನು ಬಿಟ್ಟವಳು ಮತ್ತೊಬ್ಬನ ಮನೆ ಸೇರುವುದಕ್ಕೆ ಕೂಡಿಕೆ, ಕೂಡಾವಳಿ ಎಂಬ ಹೆಸರುಗಳು. ಹೊಸ ಸೀರೆ ಉಡಿಸುವುದೇ ಮುಖ್ಯ ಶಾಸ್ತ್ರವಾದ್ದರಿಂದ ಉಡಿಕೆ, ಉಡಕಿ ಎಂದೂ ಹೇಳುತ್ತಾರೆ, ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ. ಬ್ರಾಹ್ಮಣರಲ್ಲಿ, ಇನ್ನೂ ಕೆಲವು ಜಾತಿಗಳಲ್ಲಿ ಇದು ಸುತರಾಂ ಕೂಡದು. ಉಳಿದ ಬಹುಪಾಲು ಸಮುದಾಯಗಳಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು. ಹೊಲಗೆಲಸ ಮಾಡುವ ಜನಕ್ಕೆ ಇಪ್ಪತ್ತು ವರ್ಷದ ಹೆಣ್ಣನ್ನು ಮೂಲೆಯಲ್ಲಿ ಕೂರಿಸಿ ಸಾಕುವ ಐಷಾರಾಮ ಎಲ್ಲಿತ್ತು?

ಆದರೆ ನಡೆಯುತ್ತಿತ್ತು ಎಂದಮಾತ್ರಕ್ಕೆ ಸಮವಾಗಿತ್ತು ಎಂದಲ್ಲ. ಅದಕ್ಕೆ ಮದುವೆ ಎನ್ನುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಮದುವೆ ಹೆಣ್ಣಿಗೆ ಒಂದೇ ಸಲ, ಆಮೇಲಿನದು ಬರೀ ಕೂಡಿಕೆ. ಚಪ್ಪರವಿಲ್ಲ, ವಾಲಗವಿಲ್ಲ, ಕತ್ತಲಾದ ಮೇಲೆ ನಾಲ್ಕು ಜನರ ಮುಂದೆ ಮುಗಿಯುವ ಶಾಸ್ತ್ರ. ಮುತ್ತೈದೆಯರು ಹತ್ತಿರ ಬರುವಂತಿಲ್ಲ. ಕೂಡಿಕೆಯಾದವಳು ಮುಂದೆ ಬೇರೆಯವರ ಮದುವೆಯ ಮಂಗಳಕಾರ್ಯಕ್ಕೆ ಕೈ ಹಾಕುವಂತಿಲ್ಲ. ಕೆಲವು ಸಮುದಾಯಗಳಲ್ಲಿ ಅವಳ ಮಕ್ಕಳನ್ನೂ ಬೇರೆ 'ಸಾಲು' ಎಂದು ಎಣಿಸಿ ಹೆಣ್ಣು ಕೊಟ್ಟು ತರುವಾಗ ಹಿಂದು ಮುಂದು ನೋಡುತ್ತಿದ್ದರು. ಹೆಂಡತಿ ಸತ್ತ ಗಂಡಿಗೆ ಇದ್ಯಾವುದೂ ಇಲ್ಲ, ಅವನದು ಎಷ್ಟನೆಯದಾದರೂ ಮದುವೆಯೇ. ಮರಾಠಿಯಲ್ಲೂ ಇದೇ ಏರ್ಪಾಡು: ಮೊದಲನೆಯದು 'ಲಗ್ನ', ವಿಧವೆಯದು 'ಪಾಟ'. ಗುಜರಾತಿಯಲ್ಲಿ 'ನಾತ್ರಾ'. ಪದಗಳನ್ನೇ ಬೇರೆ ಮಾಡಿ ಇಟ್ಟರೆ ದಿನದಿನವೂ ಕಾವಲು ಕಾಯುವ ಕೆಲಸವಿಲ್ಲ.

ಇದರ ಮೇಲೆ ಕಾನೂನು ಬಂತು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ಬಂದ 1856ರ ವಿಧವಾ ಪುನರ್ವಿವಾಹ ಕಾಯಿದೆಯನ್ನು ನಾವು ಶಾಲೆಯಲ್ಲಿ ಸಮಾಜ ಸುಧಾರಣೆಯ ಮೈಲಿಗಲ್ಲೆಂದು ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಅದರ ಎರಡನೆಯ ಸೆಕ್ಷನ್ ಇನ್ನೊಂದು ಮಾತು ಹೇಳುತ್ತಿತ್ತು: ವಿಧವೆ ಮರುಮದುವೆಯಾದರೆ ಮೊದಲ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು, ಅವಳು ಆ ದಿನ ಸತ್ತೇ ಹೋದಳೇನೋ ಎಂಬಂತೆ ಮುಗಿದುಹೋಗುತ್ತದೆ. ಮರುಮದುವೆ ನಿಷಿದ್ಧವಾಗಿದ್ದ ಜಾತಿಗಳಿಗೆ ಇದು ಹೊಸ ಸ್ವಾತಂತ್ರ್ಯದ ಜೊತೆ ಬಂದ ಬೆಲೆ. ಕೂಡಿಕೆ ಮೊದಲೇ ರೂಢಿಯಲ್ಲಿದ್ದ ಜಾತಿಗಳಿಗೆ? ಅವರಿಗೆ ಕಾಯಿದೆ ಹೊಸದಾಗಿ ಏನನ್ನೂ ಕೊಡಲಿಲ್ಲ. ಅವರಿಗೂ ಈ ಸೆಕ್ಷನ್ ಹತ್ತುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳು ದಶಕಗಳ ಕಾಲ ಬೇರೆ ಬೇರೆ ತೀರ್ಪು ಕೊಟ್ಟವು. ಅಲಹಾಬಾದ್ ಹೈಕೋರ್ಟು, ರೂಢಿಯಲ್ಲೇ ಮರುಮದುವೆ ಇದ್ದ ಜಾತಿಯ ವಿಧವೆ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದಿತು. ಬಾಂಬೆ, ಮದ್ರಾಸ್ ಹೈಕೋರ್ಟುಗಳು ಕಳೆದುಕೊಳ್ಳುತ್ತಾಳೆ ಎಂದವು. ಧಾರವಾಡ, ಬೆಳಗಾವಿ, ಬಿಜಾಪುರ ಆಗ ಬಾಂಬೆ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿಗೆ. ಅಂದರೆ ಗಂಗಾ ಬಯಲಿನ ಒಬ್ಬ ವಿಧವೆ ಹೊಲ ಉಳಿಸಿಕೊಂಡು ಮರುಮದುವೆಯಾಗಬಹುದಿತ್ತು, ನವಲಗುಂದದ ವಿಧವೆ ಉಡಕಿಯಾದ ದಿನವೇ ಹೊಲದ ಪಾಲಿಗೆ ಸತ್ತಳು. ಹಳ್ಳಿಯ ಲೆಕ್ಕದಲ್ಲಿ ಅವಳ ಸಂಬಂಧ ಮದುವೆಯಾಗಲು ಸಾಲುತ್ತಿರಲಿಲ್ಲ, ಹೊಲ ಕಿತ್ತುಕೊಳ್ಳುವ ಲೆಕ್ಕದಲ್ಲಿ ಮಾತ್ರ ಪೂರ್ತಿ ಮದುವೆ. 1956ರ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ವಿಧವೆಯ ಹಕ್ಕಿನ ಸ್ವರೂಪವೇ ಬದಲಾಯಿತು. 1856ರ ಕಾಯಿದೆಯನ್ನು 1983ರಲ್ಲಿ ರದ್ದು ಮಾಡಿದರು.

'ಕೂಡದು' ಎಂಬ ಪದದ ಒಳಗೆ ಈಗ ಇಣುಕಬಹುದು. ಮೂಲದಲ್ಲಿ ಅದು ಆಜ್ಞೆಯೇ ಅಲ್ಲ. 'ಕೂಡದು' ಎಂದರೆ ಸೇರುವುದಿಲ್ಲ, ಹೊಂದುವುದಿಲ್ಲ, ಅಷ್ಟೇ. ತಮಿಳಿನಲ್ಲಿ ಇದರ ಸಕಾರ ರೂಪ ಇಂದಿಗೂ ಓಡಾಡುತ್ತದೆ: 'ವರಕ್ಕೂಡುಂ' ಎಂದರೆ ಬರಬಹುದು. ಒಂದು ಕೆಲಸ ಕೂಡುತ್ತದೆ ಎಂದರೆ ಸಾಧ್ಯ, ಕೂಡದು ಎಂದರೆ ಅಸಾಧ್ಯ. ಕನ್ನಡದಲ್ಲಿ ಆ ಅರ್ಥ 'ಕೈಗೂಡು' ಎಂಬಲ್ಲಿ ಉಳಿದಿದೆ. ಕೆಲಸ ಕೈಗೂಡಿತು, ಕೈಗೂಡಲಿಲ್ಲ. ಅಸಾಧ್ಯ ಎಂಬುದು ನಿಷಿದ್ಧ ಎಂದಾಗಲು ದೂರವಿಲ್ಲ. ಯಾರು ಬೇಡವೆಂದರು ಎಂದು ಹೇಳದೆಯೇ ಬೇಡವೆನ್ನಲು ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. 'ಬೇಡ' ಎಂದರೆ ಯಾರಿಗೋ ಬೇಡ, ಅವರನ್ನು ಹಿಡಿದು ಕೇಳಬಹುದು. 'ಕೂಡದು' ಎಂದರೆ ಲೋಕದ ರಚನೆಯಲ್ಲೇ ಅದು ಹೊಂದುವುದಿಲ್ಲ. ಗುಡಿಯ ಬಾಗಿಲಲ್ಲಿ, ಕೆರೆಯ ಮೆಟ್ಟಿಲಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಇದೇ ಪದ ಕೆಲಸ ಮಾಡಿದೆ. ತಮಿಳು ಮತ್ತು ತೆಲುಗು ಕೂಡ ಇದನ್ನೇ ಹಿಡಿದಿವೆ, ತೆಲುಗಿನಲ್ಲೂ 'ಕೂಡದು'. ಮಲಯಾಳ ಮಾತ್ರ 'ಕೂಡಾತೆ' ಎಂಬುದನ್ನು 'ಇಲ್ಲದೆ' ಎಂಬ ಅರ್ಥಕ್ಕೆ ಒಯ್ದು, ನಿಷೇಧಕ್ಕೆ 'ಪಾಡಿಲ್ಲ' ಎಂಬ ಬೇರೆ ಪದ ಇಟ್ಟುಕೊಂಡಿತು.

ಕೈಗೂಡು ಎಂದೆನಲ್ಲ, ಅಲ್ಲಿ ಕೂಡು ಗೂಡು ಆಗಿದೆ. ಒಗ್ಗೂಡು, ಮೈಗೂಡು, ಜೊತೆಗೂಡು, ಎಲ್ಲ ಕಡೆಯೂ ಹಾಗೆ. ಹೈಸ್ಕೂಲಿನ ಆದೇಶಸಂಧಿ: ಕ ತ ಪಗಳಿಗೆ ಗ ದ ಬ. ಸೇರು ಎನ್ನುವ ಪದವೇ ಇನ್ನೊಂದನ್ನು ಸೇರುವಾಗ ತನ್ನ ಗಡಸು ಕಳೆದುಕೊಳ್ಳುತ್ತದೆ. ಇದು ಪುಸ್ತಕದ ನಿಯಮವಾಗಿ ಕಲಿತಾಗ ಬೇಸರ, ದೊಡ್ಡವರಾದ ಮೇಲೆ ಚೆಂದ.

ಕೇಳಲು ಒಂದೇ ರೀತಿ ಇದ್ದು ನಂಟಿಲ್ಲದ ಪದಗಳ ಬಗ್ಗೆ ಎಚ್ಚರ ಬೇಕು. ರಾಷ್ಟ್ರಕೂಟರ 'ಕೂಟ' ನಮ್ಮ ಕೂಟವಲ್ಲ, ಅದು ಮುಖ್ಯಸ್ಥ ಎಂಬರ್ಥದ ಸಂಸ್ಕೃತ ಪದ. ತೆಲುಗಿನಲ್ಲಿ ಅನ್ನಕ್ಕೆ ಹೇಳುವ 'ಕೂಡು' ನಮ್ಮ ಕೂಳಿನ ಅಣ್ಣತಮ್ಮ. ಹಕ್ಕಿಯ ಗೂಡೂ ಬೇರೆ ಮೂಲದ್ದು. ಧಾರವಾಡದ ಕಡೆ 'ಕೂಡ್ರಿ' ಎಂದು ಕುರ್ಚಿ ತೋರಿಸಿದರೆ ಅದು ಕುಳ್ಳಿರು ಎಂಬುದು ಸವೆದು ಆದ ರೂಪ. ಭೂತಕಾಲಕ್ಕೆ ತಿರುಗಿಸಿದರೆ ಗುಟ್ಟು ಬಯಲಾಗುತ್ತದೆ: ಸೇರಿದವರು ಕೂಡಿದರು, ಆಸೀನರಾದವರು ಕೂತರು. ತಮಿಳು ಊಟದ ಎಲೆಯ ಮೇಲಿನ ಕೂಟು ಮಾತ್ರ ಖಂಡಿತ ನಮ್ಮ ಧಾತುವಿನದೇ. ತರಕಾರಿಯೂ ಬೇಳೆಯೂ ಕೂಡಿದ್ದರಿಂದ ಅದು ಕೂಟು. ಕೇರಳದ ಕೂಡಿಯಾಟ್ಟವೂ ಇದೇ, ಕೂಡಿ ಆಡುವ ಆಟ.

ಲೆಕ್ಕದಲ್ಲಿ ಕನ್ನಡಕ್ಕೂ ತಮಿಳಿಗೂ ಒಂದೇ ಜೋಡಿ: ನಮ್ಮದು ಕೂಡು, ಕಳೆ, ಅವರದು ಕೂಟ್ಟಲ್, ಕಳಿತ್ತಲ್. ಶಾಲೆಯ ಪುಸ್ತಕ ಸಂಕಲನ ವ್ಯವಕಲನ ಎಂದರೂ ಕಿರಾಣಿ ಅಂಗಡಿಯವರು ಇಂದಿಗೂ ಕೂಡುತ್ತಾರೆ, ಕಳೆಯುತ್ತಾರೆ. ಕನ್ನಡದಲ್ಲಿ ಗಣಿತವನ್ನು ಪದ್ಯದಲ್ಲಿ ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯ ತನ್ನ ಗ್ರಂಥಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟಿದ್ದ.

ನಮ್ಮ ಐಟಿ ಲೋಕ ಈ ಪದವನ್ನು ಕೈಬಿಟ್ಟಿದೆ. ಲಿಂಕ್ ಎಂಬುದಕ್ಕೆ ಕನ್ನಡದಲ್ಲಿ 'ಕೊಂಡಿ' ಗಟ್ಟಿಯಾಗಿ ನಿಂತಿದೆ, ಒಳ್ಳೆಯ ಆಯ್ಕೆಯೇ. ಆಭರಣಕ್ಕೂ ಕೊಂಡಿ, ಸರಪಳಿಗೂ ಕೊಂಡಿ, ಚೇಳಿಗೂ ಕೊಂಡಿ. ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಎಸ್ಸೆಮ್ಮೆಸ್ಸುಗಳನ್ನು ನೋಡಿದರೆ ಮೂರನೆಯ ಅರ್ಥವೇ ಮೇಲೆ ಬರುತ್ತದೆ. ಕೊಂಡಿ ಹಾಕಿದರೆ ಎರಡು ವಸ್ತುಗಳು ಎರಡಾಗಿಯೇ ಉಳಿಯುತ್ತವೆ, ಯಾವಾಗ ಬೇಕಾದರೂ ಕಳಚಬಹುದು. ಕೂಡಿದ ನೀರನ್ನು ಕಳಚಲು ಬರುವುದಿಲ್ಲ. ಎರಡು ಕಂಪನಿಗಳ ಸಿಸ್ಟಂಗಳನ್ನು ಒಂದು ಮಾಡುವ ಕೆಲಸಕ್ಕೆ ಕೂತಾಗ, ಗಿರಾಕಿಗೆ ಬೇಕಾದದ್ದು ಕೊಂಡಿಯೋ ಕೂಡಲೋ ಎಂದು ಮೊದಲೇ ತಿಳಿದುಕೊಂಡರೆ ಆರು ತಿಂಗಳು ಉಳಿಯುತ್ತದೆ.

ಈ ಪದದ ಇನ್ನೊಂದು ಗುಣ, ಕನ್ನಡಿಗರನ್ನೇ ಎರಡು ಪಂಗಡ ಮಾಡುವುದು. ನಮ್ಮ ತಂಡದಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿದ್ದಾನೆ. 'ಸರ್, ಕ್ಲೈಂಟ್ ಕೂಡ ಮಾತಾಡಬೇಕು' ಎಂದ. ನಮ್ಮ ಹಳೇ ಮೈಸೂರು ಕಿವಿಗೆ ಅದು 'ಕ್ಲೈಂಟೂ ಮಾತಾಡಬೇಕು' ಎಂದು ಕೇಳಿಸಿತು. ಅವನು ಹೇಳಿದ್ದು ಕ್ಲೈಂಟ್ ಜೊತೆ ಮಾತಾಡಬೇಕು ಎಂದು. ಹಳಗನ್ನಡದ 'ಕೂಡೆ' ಎಂದರೆ ಜೊತೆಗೆ. ಆ ಹಳೆಯ ಅರ್ಥವನ್ನು ಉಳ���ಸಿಕೊಂಡಿರುವುದು ಅವನ ಹುಬ್ಬಳ್ಳಿ, ನಮ್ಮ ತುಮಕೂರಲ್ಲ. ತಮಿಳಿನ 'ಕೂಡ'ಕ್ಕೆ ಎರಡೂ ಅರ್ಥ ಇವೆ, ತೆಲುಗಿನ 'ಕೂಡಾ'ಕ್ಕೆ ನಮ್ಮ ಹಾಗೆ 'ಸಹ' ಎಂಬರ್ಥ. ಜೊತೆಯಲ್ಲಿ ಹೋದವನು ಕ್ರಮೇಣ ಎಣಿಕೆಯಲ್ಲಿ ಇನ್ನೊಬ್ಬನಾಗುವ ದಾರಿ ಇದು.

ಊರು ಬಿಟ್ಟ ಕನ್ನಡಿಗರು ತಮ್ಮ ಸಂಸ್ಥೆಗಳಿಗೆ ಇಟ್ಟ ಹೆಸರುಗಳಲ್ಲೂ ಒಂದು ಸಣ್ಣ ಸೋಜಿಗವಿದೆ. ಭಾರತದೊಳಗೆ ಹೊರಟವರು ಹೆಚ್ಚಾಗಿ ಸಂಘ ಎಂದೋ ಅಸೋಸಿಯೇಷನ್ ಎಂದೋ ಕರೆದುಕೊಂಡರು. ಮುಂಬಯಿಯ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ, ಕರ್ನಾಟಕ ಎಂಬ ರಾಜ್ಯದ ನಕಾಶೆಯೇ ಇಲ್ಲದಾಗ. ಧಾರವಾಡದವರೂ ಮೈಸೂರಿನವರೂ ಮಂಗಳೂರಿನವರೂ ಒಂದೇ ಆಡಳಿತದಡಿ ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಅವರೆಲ್ಲ ಮುಂಬಯಿಯ ಒಂದೇ ಲೋಕಲ್ ರೈಲಿನಲ್ಲಿ ನಿಂತಿದ್ದರು. 1956ರ ನವೆಂಬರ್ 1ರಂದು ಆದದ್ದನ್ನು ನಾವು 'ಏಕೀಕರಣ' ಎನ್ನುತ್ತೇವೆ, ಒಂದು ಮಾಡಿದ್ದು ಎಂದು. ಆದದ್ದು ಕೂಡಿಕೊಂಡದ್ದು. ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂಬ ಐದು ಆಡಳಿತಗಳ ಗುರುತು ಇಂದಿಗೂ ಭೂದಾಖಲೆಯ ಪದಗಳಲ್ಲಿ, ಅಡುಗೆಯಲ್ಲಿ, ಬೈಗುಳದಲ್ಲಿ ಅಳಿಸದೆ ಉಳಿದಿದೆ.

'ಕೂಟ' ಎಂಬ ಹೆಸರನ್ನು ಗಟ್ಟಿಯಾಗಿ ಹಿಡಿದವರು ಅಮೆರಿಕಕ್ಕೆ ಹೋದವರು. ಊರೂರಿಗೂ ಒಂದೊಂದು ಕನ್ನಡ ಕೂಟ, 1998ರಲ್ಲಿ ಅವೆಲ್ಲ ಸೇರಿ 'ಅಕ್ಕ' ಎಂಬ ಒಕ್ಕೂಟ. ಒಕ್ಕೂಟದಲ್ಲೂ ಕೂಟವಿದೆ. ಅಲ್ಲಿಯ ಗೆಳೆಯರು ಯುಗಾದಿ ಕೂಟದ ಫೋಟೋ ಕಳಿಸಿದಾಗ ನೂರಾರು ಜನ ಸಾಲಾಗಿ ಊಟಕ್ಕೆ ಕೂತಿರುತ್ತಾರೆ. ಪುಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಏಳು ಕನ್ನಡ ಮನೆಗಳು ತಿಂಗಳಿಗೊಮ್ಮೆ ಸೇರುತ್ತವೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಬೀದರಿನವರು ಒಬ್ಬರು 'ಕೂಡಲಿ' ಇರಲಿ ಎಂದರು, ಹೆಬ್ರಿಯವರು ಅದು ತೆಲುಗಿನ ಹಾಗೆ ಕೇಳಿಸುತ್ತದೆ ಎಂದರು. ಮುಂದಿನ ಸಲ ಪಂಕ್ತಿಯಲ್ಲಿ ಕೂತು ತೀರ್ಮಾನ ಮಾಡಬೇಕು.